ಕೆಳಗಿಳಿಯುತ್ತಿದ್ದ ಚೆಂಡು

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದು ಹೇಳಿದವರು ನನ್ನ ಸೋದರಮಾವ. ಮರೆಯಲ್ಲಿ ಹೇಳಿದ್ದಲ್ಲ. ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರದ ಊಟಕ್ಕೆ ಕೂತು, ಮೀನಿನ ಮುಳ್ಳು ಬಿಡಿಸುತ್ತಾ, ನನ್ನ ಹೆಂಡತಿ ಮತ್ತು ಮಗಳ ಎದುರಿಗೇ ಹೇಳಿದರು.

"ನೀನು ಬಿ.ಎ. ಮಾಡುದಾ? ನಿನ್ನ ಕೈ ಇರುದು ಮೇಲಿನ ಶೆಲ್ಫಿಂದ ಪೆಟ್ಟಿಗೆ ತೆಗೀಲಿಕ್ಕೆ ಮಾರಾಯ. ಪೆನ್ನು ಹಿಡೀಲಿಕ್ಕೆ ಬೇರೆ ಜನ ಉಂಟು."

ನಮ್ಮ ಮನೆಮಾತು ತುಳು. ಮಾವ ಹೇಳಿದ್ದೂ ತುಳುವಿನಲ್ಲೇ. ಇಲ್ಲಿ ಬರೆಯುವಾಗ ನಮ್ಮ ಊರ ಕಡೆಯ ಕನ್ನಡಕ್ಕೆ ತಿರುಗಿಸಿದ್ದೇನೆ. ತಿರುಗಿಸಿದ್ದರಿಂದ ಖಾರ ಸ್ವಲ್ಪ ಕಡಿಮೆಯಾಗಿದೆ.

ಮಾವನ ಮಾತಿಗೆ ನಮ್ಮಲ್ಲಿ ತೂಕ ಹೆಚ್ಚು. ನನ್ನನ್ನು ಕುವೈತಿಗೆ ಕರೆತಂದವರು ಅವರು. ಅವರ ಕೆಲಸ ಮಂದೂಬ್. ಕಂಪನಿಯ ಕಾಗದಪತ್ರ ಹಿಡಿದುಕೊಂಡು ಕುವೈತ್ ಸಿಟಿಯ ಸಚಿವಾಲಯದಿಂದ ಸಚಿವಾಲಯಕ್ಕೆ ಓಡುವವನಿಗೆ ಇಲ್ಲಿ ಹಾಗೆನ್ನುತ್ತಾರೆ. ಎಷ್ಟೋ ಇಂಜಿನಿಯರುಗಳ, ಅಕೌಂಟೆಂಟುಗಳ ಡಿಗ್ರಿ ಸರ್ಟಿಫಿಕೇಟುಗಳು ಅವರ ಕಂಕುಳಲ್ಲಿ ಪ್ರಯಾಣ ಮಾಡಿವೆ. ಹಾಗಾಗಿ ಪದವೀಧರ ಎಂದರೆ ಹೇಗಿರುತ್ತಾನೆ ಎಂಬುದು ತನಗೆ ಗೊತ್ತು ಎಂದು ಅವರು ತಿಳಿದಿದ್ದರು. ಪದವೀಧರನಿಗೆ ಕನ್ನಡಕ ಇರುತ್ತದೆ, ಬೆನ್ನು ಸ್ವಲ್ಪ ಬಾಗಿರುತ್ತದೆ, ಮೀನು ತಿಂದರೆ ಅಜೀರ್ಣವಾಗುತ್ತದೆ. ನನ್ನ ಎತ್ತರ ಆರು ಅಡಿ ಮೂರು ಇಂಚು. ಕಣ್ಣು ಚೆನ್ನಾಗಿದೆ. ಅಜೀರ್ಣವೆಂಬುದು ಹೇಗಿರುತ್ತದೆಂದು ನನಗೆ ಈಗಲೂ ಗೊತ್ತಿಲ್ಲ.

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅಪ್ಪ ಮೀನಿನ ದೋಣಿ ಬಂದು ನಿಲ್ಲುವ ಧಕ್ಕೆಯಲ್ಲಿ ಬುಟ್ಟಿ ಹೊರುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವನು ನಾನೊಬ್ಬನೇ. ಪಿಯುಸಿಯನ್ನು ಎರಡು ಸಲಕ್ಕೆ ದಾಟಿದೆ. ಕಾಲೇಜಿಗೂ ಸೇರಿದೆ. ಆದರೆ ಊರಿನಲ್ಲಿ ವಾಲಿಬಾಲ್ ಪಂದ್ಯಾಟ ಇಲ್ಲದ ಭಾನುವಾರವೇ ಇರಲಿಲ್ಲ, ನಾನು ಬ್ಲಾಕರ್. ನೆಟ್ಟಿನ ಮುಂದೆ ನಿಂತು, ಆಚೆಯಿಂದ ಬರುವ ಚೆಂಡನ್ನು ಎರಡು ಕೈ ಎತ್ತಿ ಅಲ್ಲಿಯೇ ತಡೆದು ಕೆಳಗೆ ಬಡಿಯುವುದು ನನ್ನ ಕೆಲಸ. ಗೆದ್ದರೆ ಕಪ್ಪಿನ ಜೊತೆ ಒಂದು ಬಾಳೆಗೊನೆ ಕೊಡುತ್ತಿದ್ದರು. ಆ ವರ್ಷ ನಮ್ಮ ಮನೆಗೆ ಒಂಬತ್ತು ಬಾಳೆಗೊನೆ ಬಂತು, ಕಾಲೇಜಿನಿಂದ ಹಾಜರಿ ಸಾಲದು ಎಂಬ ಪತ್ರ ಬಂತು. ಅಲ್ಲಿಗೆ ಓದು ಖಲಾಸ್.

ಮತ್ತೆ ಓದಬೇಕು ಅನ್ನಿಸಿದ್ದು ಮೂವತ್ತಾರನೇ ವಯಸ್ಸಿಗೆ. ಮಗಳ ಶಾಲೆಯಿಂದ ಒಂದು ಫಾರ್ಮ್ ಬಂದಿತ್ತು. ಅದರಲ್ಲಿ ತಂದೆಯ ವಿದ್ಯಾರ್ಹತೆ ಎಂಬ ಜಾಗ ಇತ್ತು. ಅದನ್ನು ಖಾಲಿ ಬಿಟ್ಟು ಸಹಿ ಹಾಕಿದೆ. ಖಾಲಿ ಬಿಟ್ಟರೆ ಟೀಚರ್ ಬೈಯುತ್ತಾರೆಂದು ಮಗಳೇ ಅಲ್ಲಿ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪದ ಬರೆದಳು: ಉದ್ದ.

ಅವಳು ಕುಚೋದ್ಯಕ್ಕೆ ಬರೆದದ್ದಲ್ಲ. ಅವಳಿಗೆ ಎಂಟು ವರ್ಷ, ಅಪ್ಪನಲ್ಲಿ ಅರ್ಹತೆ ಎನ್ನಬಹುದಾದದ್ದು ಅವಳಿಗೆ ಅದೊಂದೇ ಕಂಡಿತ್ತು. ಮರುವಾರ ನಾನು ಊರ ಕಡೆಯ ದೂರಶಿಕ್ಷಣಕ್ಕೆ ಅರ್ಜಿ ಹಾಕಿದೆ. ಅದರ ಒಂದು ಕೇಂದ್ರ ಕುವೈತಿನಲ್ಲೂ ಇತ್ತು, ಕನ್ನಡದಲ್ಲೇ ಪರೀಕ್ಷೆ ಬರೆಯಬಹುದಿತ್ತು. ಮೂರು ವರ್ಷದ ಕೋರ್ಸು, ಆರು ವರ್ಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು. ನಾನು ಆರನ್ನೂ ತೆಗೆದುಕೊಂಡೆ. ಓದಿದ್ದೆಲ್ಲ ಬಸ್ಸಿನಲ್ಲಿ. ಮನೆಯಿಂದ ಎಗೈಲಾದಲ್ಲಿರುವ ನನ್ನ ಕೆಲಸದ ಅಂಗಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಮಂಡಿ ಎದುರಿನ ಸೀಟಿಗೆ ತಾಗಿ ಮೇಲಕ್ಕೆದ್ದಿರುತ್ತದೆ, ಅದರ ಮೇಲೆ ಪುಸ್ತಕವಿಟ್ಟರೆ ಮೇಜೇ ಬೇಡ. ಗಿಡ್ಡ ಜನ ಬಸ್ಸಿನಲ್ಲಿ ಹೇಗೆ ಓದುತ್ತಾರೋ ಗೊತ್ತಿಲ್ಲ.

ಕೊನೆಗೆ ಉಳಿದದ್ದು ಒಂದು ಪ್ರಾಜೆಕ್ಟ್. ನಿಮಗೆ ಗೊತ್ತಿರುವ, ಬದುಕಿರುವ ಒಬ್ಬ ವ್ಯಕ್ತಿಯ ಜೀವನ ಚರಿತ್ರೆಯನ್ನು ಅವರನ್ನೇ ಕೇಳಿ ಬರೆಯಬೇಕು, ಆಮೇಲೆ ಪರೀಕ್ಷಕರ ಮುಂದೆ ಕೂತು ಉತ್ತರ ಹೇಳಬೇಕು. ಅದು ಆರನೇ ವರ್ಷ. ಇದರಲ್ಲಿ ಬಿದ್ದರೆ ಆರು ವರ್ಷವೂ ನೀರಿಗೆ ಹಾಕಿದ ಹಾಗೆ.

"ನನ್ನದು ಬರಿ" ಎಂದರು ಮಾವ. ಸಚಿವಾಲಯದ ಕ್ಯೂಗಳ ಬಗ್ಗೆ ಎಂಬತ್ತು ಪುಟ ಬರೆಯುವ ಧೈರ್ಯ ನನಗಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದವರು ಕ್ಯಾಪ್ಟನ್.

ನಾನು ಕೆಲಸ ಮಾಡುವುದು ಎಗೈಲಾದ ಒಂದು ಮಾಲಿನ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ. ಅದರ ಪಾಲುದಾರರಲ್ಲಿ ಒಬ್ಬರು ಹಿಂದೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕುವೈತಿ. ಅವರನ್ನು ಎಲ್ಲರೂ ಕರೆಯುವುದು ಕ್ಯಾಪ್ಟನ್ ಎಂದೇ. ಸುಮ್ಮನೆ ಆಡಿದವರಲ್ಲ. ಅವರ ಕಾಲದಲ್ಲಿ ಅವರು ರಸ್ತೆಯಲ್ಲಿ ನಡೆದರೆ ಕಾರುಗಳು ನಿಲ್ಲುತ್ತಿದ್ದವಂತೆ. ಸೆಂಟರ್ ಆಟಗಾರ, ಎಂದರೆ ತಂಡದಲ್ಲಿ ಎಲ್ಲರಿಗಿಂತ ಎತ್ತರದವನು, ರಿಂಗಿನ ಕೆಳಗೆ ಕೋಟೆಯ ಬಾಗಿಲಿನ ಹಾಗೆ ನಿಲ್ಲುವವನು. ಅವರ ಎತ್ತರ ಆರು ಅಡಿ ಹತ್ತು ಇಂಚು. ನನ್ನನ್ನು ಅವರು ಕರೆಯುತ್ತಿದ್ದದ್ದು ತವೀಲ್ ಎಂದು. ಅರಬ್ಬಿಯಲ್ಲಿ ಹಾಗೆಂದರೆ ಉದ್ದದವನು. ಅವರ ಬಾಯಲ್ಲಿ ಅದನ್ನು ಕೇಳಿದ ಗಿರಾಕಿಗಳು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ಶೂ ಹಾಕಿ ನೋಡುವುದನ್ನೇ ಮರೆಯುತ್ತಿದ್ದರು.

ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅವರು ಅಂಗಡಿಗೆ ಬರುತ್ತಿದ್ದರು. ಮಂಡಿಗಳೆರಡೂ ಹಾಳಾಗಿದ್ದವು. ಶೂ ಹಾಕಿ ನೋಡಲು ಇಟ್ಟ ಮೂರು ಜನರ ಬೆಂಚಿನಲ್ಲಿ ಒಬ್ಬರೇ ಕೂರುತ್ತಿದ್ದರು. ಚಹಾದ ಕಾಗದದ ಲೋಟ ಕೊಟ್ಟರೆ ಅದು ಅವರ ಮುಷ್ಟಿಯಲ್ಲಿ ಮಾಯವಾಗುತ್ತಿತ್ತು, ಚಹಾವನ್ನು ಕೈಯಿಂದಲೇ ಕುಡಿದ ಹಾಗೆ ಕಾಣುತ್ತಿತ್ತು. ಅವರ ತಲೆಯ ಹಿಂದಿನ ಗೋಡೆಯಲ್ಲಿ ಒಂದು ದೊಡ್ಡ ಫೋಟೋ. ಮೂವತ್ತು ವರ್ಷದ ಹಿಂದಿನ ಒಂದು ದೊಡ್ಡ ಕಪ್ಪಿನ ಫೈನಲ್. ಕೊನೆಯ ಸೆಕೆಂಡು, ಕ್ಯಾಪ್ಟನ್ ಗಾಳಿಯಲ್ಲಿದ್ದಾರೆ, ಅವರ ಬಲಗೈ ರಿಂಗಿನ ಮೇಲಿರುವ ಚೆಂಡಿನ ಮೇಲಿದೆ. ಎದುರಾಳಿ ಎಸೆದ ಆ ಚೆಂಡು ಒಳಗೆ ಬಿದ್ದಿದ್ದರೆ ಸೋಲು. ಬೀಳಲಿಲ್ಲ. ಒಂದು ಅಂಕದಿಂದ ಗೆದ್ದರು. ಅವರು ಪ್ರಸಿದ್ಧರಾದದ್ದೇ ಆ ಒಂದು ಕೈಯಿಂದ.

ನಿಮ್ಮ ಜೀವನ ಚರಿತ್ರೆ ಬರೆಯುತ್ತೇನೆ ಎಂದಾಗ ಅವರು ನಾಚಿಕೊಂಡರು. ಐದು ನಿಮಿಷ ನಾಚಿಕೊಂಡು, ಆಮೇಲೆ ನಾಲ್ಕು ತಿಂಗಳು ನಿಲ್ಲಿಸದೆ ಮಾತಾಡಿದರು. ಸೂಕ್ ಪೇಟೆಯಲ್ಲಿ ಕಲಿತ ಹಿಂದಿ, ಆಟದಲ್ಲಿ ಕಲಿತ ಇಂಗ್ಲಿಷ್, ಎರಡೂ ಸಾಲದಾದಾಗ ಅರಬ್ಬಿ. ನಾನು ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದೆ.

ಅವರ ಬಾಲ್ಯವೆಲ್ಲ ಬಟ್ಟೆಯ ಕಥೆ. ಹನ್ನೆರಡನೇ ವಯಸ್ಸಿಗೆ ಅವರು ಎಷ್ಟು ವೇಗವಾಗಿ ಬೆಳೆದರೆಂದರೆ ಈದ್ ಹಬ್ಬಕ್ಕೆ ಪಾದದವರೆಗೆ ಹೊಲಿಸಿದ ದಿಶ್‌ದಾಶಾ ಅಂಗಿ ಹಬ್ಬ ಬರುವಷ್ಟರಲ್ಲಿ ಮೊಣಕಾಲಿಗೆ ಏರಿರುತ್ತಿತ್ತು. ಅವರ ತಾಯಿ ಕೆಳಗೆ ಬೇರೆ ಬಟ್ಟೆಯ ಪಟ್ಟಿ ಸೇರಿಸುತ್ತಾ ಹೋದರು. ಒಂದು ಅಂಗಿಯಲ್ಲಿ ನಾಲ್ಕು ವರ್ಷದ ಪಟ್ಟಿಗಳಿದ್ದವಂತೆ, ಮರ ಕಡಿದಾಗ ಕಾಣುವ ಉಂಗುರದ ಹಾಗೆ. ಶಾಲೆಯಲ್ಲಿ ಒಂದು ದಿನ ಚೆಂಡು ರಿಂಗಿಗೆ ಸಿಕ್ಕಿಕೊಂಡಿತು. ಎಲ್ಲರೂ ಕೋಲು ಹುಡುಕುತ್ತಿದ್ದಾಗ ಇವರು ನಡೆದು ಹೋಗಿ, ಹಣ್ಣು ಕೊಯ್ದ ಹಾಗೆ ಅದನ್ನು ತೆಗೆದುಕೊಟ್ಟರು. ಮಾಸ್ತರು ಅಂದೇ ಅವರ ಹೆಸರನ್ನು ತಂಡಕ್ಕೆ ಬರೆದುಕೊಂಡರು. ಆಟ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಮುಂದೆ ಕ್ಲಬ್ಬು, ಅದರ ಮುಂದೆ ಸಂಬಳಕ್ಕೆ ಆಡಲು ಚಳಿಯ ದೇಶವೊಂದಕ್ಕೆ ಹೋದರು. ಅಲ್ಲಿನ ಹೋಟೆಲಿನ ಮಂಚ ಸಾಲದೆ ಕಾಲನ್ನು ಸೂಟ್‌ಕೇಸಿನ ಮೇಲಿಟ್ಟು ಐದು ವರ್ಷ ಮಲಗಿದರು. ಆ ದೇಶ ಹೇಗಿತ್ತು ಎಂದು ಕೇಳಿದರೆ ಸೂಟ್‌ಕೇಸಿನ ಬಗ್ಗೆಯೇ ಹೇಳುತ್ತಿದ್ದರು. ಒಂದೇ ಪಂದ್ಯದಲ್ಲಿ ಗಳಿಸಿದ ಅಂಕ ಮಾತ್ರ ದಿನಕ್ಕೊಂದಾಗುತ್ತಿತ್ತು. ನಾನೊಬ್ಬನೇ ಇದ್ದಾಗ ಮೂವತ್ತೊಂದು, ಗಿರಾಕಿಗಳಿದ್ದರೆ ಮೂವತ್ತೆಂಟು, ಯುವಕರ ಗುಂಪು ಬಂದರೆ ನಲವತ್ತನಾಲ್ಕು. ನಾನು ಮೂವತ್ತೊಂದನ್ನೇ ಬರೆದುಕೊಂಡೆ.

ಫೋಟೋದ ವಿಷಯ ಮಾತ್ರ ಅವರು ತಾವಾಗಿ ಎತ್ತುತ್ತಿರಲಿಲ್ಲ. ಕೊನೆಗೊಂದು ದಿನ ಧೂಳಿನ ಗಾಳಿ ಎದ್ದು ಮಾಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕ್ಯಾಪ್ಟನ್ ಮಾತ್ರ ಬಂದರು. ತುಂಬಾ ಹೊತ್ತು ಫೋಟೋ ನೋಡಿದರು. ಆಮೇಲೆ, ನಿನಗೆ ಬ್ಯಾಸ್ಕೆಟ್‌ಬಾಲಿನ ನಿಯಮ ಗೊತ್ತಾ ಎಂದು ಕೇಳಿದರು. ಇಲ್ಲ, ನನ್ನದು ವಾಲಿಬಾಲ್ ಎಂದೆ. ಒಂದೂ ಗೊತ್ತಿಲ್ಲವಾ ಎಂದು ಮತ್ತೆ ಕೇಳಿದರು. ಒಂದೂ ಗೊತ್ತಿಲ್ಲ, ಚೆಂಡು ಮೇಲಿಂದ ಒಳಗೆ ಬೀಳಬೇಕು ಅಂತ ಮಾತ್ರ ಗೊತ್ತು ಎಂದೆ. ಅವರಿಗೆ ಅದು ಇಷ್ಟವಾದ ಹಾಗಿತ್ತು. ಹೇಳಲು ಶುರು ಮಾಡಿದರು.

ಬ್ಲಾಕರಿಗೆ ಬ್ಲಾಕರಿನ ಕುತೂಹಲ. ನೀವು ಮುಟ್ಟಿದಾಗ ಚೆಂಡು ಮೇಲೆ ಹೋಗುತ್ತಿತ್ತೋ ಕೆಳಗೆ ಬರುತ್ತಿತ್ತೋ ಎಂದು ಕೇಳಿದೆ.

ಅವರು ಲೋಟ ಕೆಳಗಿಟ್ಟರು. "ಕೆಳಗೆ" ಎಂದರು. "ಕೆಳಗೆ ಬರ್ತಾ ಇತ್ತು."

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಸುಳ್ಳು ಮೆಚ್ಚುಗೆಯಲ್ಲ. ನಮ್ಮ ಊರಿನಲ್ಲಿ ಕೆಳಗಿಳಿಯುವ ಚೆಂಡನ್ನು ನೆಟ್ಟಿನ ಮೇಲೆಯೇ ತಡೆದು ಬಡಿದವನನ್ನು ಹೆಗಲ ಮೇಲೆ ಹೊರುತ್ತಾರೆ. ಅದು ಕೊನೆಯ ಕ್ಷಣ, ಅದಕ್ಕಿಂತ ದೊಡ್ಡ ಬ್ಲಾಕ್ ಇಲ್ಲ. ನಾನು ಅಲ್ಲೇ ಕೂತು ನಾಲ್ಕನೇ ಅಧ್ಯಾಯ ಬರೆದೆ. ರಿಂಗಿನೊಳಗೆ ಬೀಳಲು ನಾಲ್ಕೇ ಬೆರಳು ದೂರವಿದ್ದ, ಕೆಳಗಿಳಿಯುತ್ತಿದ್ದ ಚೆಂಡನ್ನು ಈ ಮಹಾನುಭಾವರು ಹೇಗೆ ಹೊರಗೆ ಬಡಿದರು ಎಂದು ಎರಡು ಪುಟ. ಅವರು ಹಾಳೆ ಕೇಳಿ ತೆಗೆದುಕೊಂಡು ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದರು. ಇದನ್ನು ಯಾರು ಓದುತ್ತಾರೆ ಎಂದು ಕೇಳಿದರು. ಒಬ್ಬ ಪರೀಕ್ಷಕರು ಎಂದೆ. ಅವರು ಎಲ್ಲಿರುವುದು ಎಂದರು. ಇಂಡಿಯಾದಲ್ಲಿ ಎಂದೆ.

"ಹಾಗಾದರೆ ಬರಿ" ಎಂದರು.

ವರದಿ ಕಳಿಸಿದ ಮೇಲೆ ಒಂದು ಸಂಜೆ ಮನೆಯಲ್ಲಿ ನಾಲ್ಕನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಹೆಂಡತಿ ತಲೆಯಾಡಿಸಿದಳು. ಮಗಳಿಗೆ ಈಗ ಹದಿನಾಲ್ಕು, ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

"ಪಪ್ಪಾ, ದಟ್ಸ್ ಗೋಲ್‌ಟೆಂಡಿಂಗ್" ಎಂದಳು. "ಯು ಕಾಂಟ್ ಡೂ ದಟ್."

ನಾನು ಮಾಡಿದ್ದಲ್ಲ, ಕ್ಯಾಪ್ಟನ್ ಮಾಡಿದ್ದು ಎಂದೆ. ಯಾರೂ ಮಾಡುವ ಹಾಗಿಲ್ಲ ಎಂದು ಅವಳು ಅಡುಗೆಮನೆಯಿಂದ ಒಂದು ಲಿಂಬೆಹಣ್ಣು, ಒಂದು ಚಹಾ ಸೋಸುವ ಜಾಲರಿ ತಂದು ತೋರಿಸಿದಳು. ಲಿಂಬೆ ಮೇಲೆ ಹೋಗುವಾಗ ಮುಟ್ಟಬಹುದು. ಜಾಲರಿಯ ಕಡೆಗೆ ಇಳಿಯಲು ಶುರುವಾದ ಮೇಲೆ ಮುಟ್ಟಿದರೆ ತಪ್ಪು, ಚೆಂಡು ಬಿದ್ದಿತೆಂದೇ ಲೆಕ್ಕ, ಎದುರಾಳಿಗೆ ಎರಡು ಅಂಕ. ಎರಡು ಅಂಕ ಕೊಟ್ಟಿದ್ದರೆ ಆ ಫೈನಲ್ ಏನಾಗುತ್ತಿತ್ತು ಎಂದು ಲೆಕ್ಕ ಹಾಕಲು ಬಿ.ಎ. ಬೇಕಾಗಿರಲಿಲ್ಲ. ಒಂದು ಅಂಕದಿಂದ ಗೆದ್ದವರು ಒಂದು ಅಂಕದಿಂದ ಸೋಲುತ್ತಿದ್ದರು. ನಾನು ಎರಡು ಪುಟ ಬರೆದು ಹೊಗಳಿದ್ದು ಒಂದು ಕಳ್ಳತನವನ್ನು.

ಕೇಂದ್ರಕ್ಕೆ ಫೋನ್ ಮಾಡಿದೆ. ವರದಿಗಳೆಲ್ಲ ಪರೀಕ್ಷಕರ ಕೈಗೆ ಹೋಗಿವೆ, ಅವರೇ ಊರಿನಿಂದ ಬಂದು ಮೌಖಿಕ ಪರೀಕ್ಷೆ ಮಾಡುತ್ತಾರೆ ಎಂದರು. ಪರೀಕ್ಷಕರಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿರಲಾರದು ಎಂದು ಹೆಂಡತಿ ಸಮಾಧಾನ ಹೇಳಿದಳು.

ಮೌಖಿಕ ಪರೀಕ್ಷೆ ನಡೆದದ್ದು ಒಂದು ಶಾಲೆಯ ವಿಜ್ಞಾನದ ಲ್ಯಾಬಿನಲ್ಲಿ. ಮೇಜಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ನಿಂತಿತ್ತು. ಪರೀಕ್ಷಕರು ಅರವತ್ತರ ಹತ್ತಿರದ ಒಬ್ಬ ಮೇಡಂ. ನೂಲಿನ ಸೀರೆ, ಅದರ ಕೆಳಗೆ ಕ್ಯಾನ್ವಾಸ್ ಶೂ. ಅದು ಬ್ಯಾಸ್ಕೆಟ್‌ಬಾಲ್ ಆಡುವವರ ಶೂ. ಅಂಗಡಿಯಲ್ಲಿ ಹದಿಮೂರು ವರ್ಷ ನಿಂತವನಿಗೆ ಶೂ ನೋಡಿದರೆ ಮನುಷ್ಯರು ಗೊತ್ತಾಗುತ್ತಾರೆ. ಅವರೇ ಹೇಳಿದರು, ಕಾಲೇಜಿನ ದಿನಗಳಲ್ಲಿ ತಾನು ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ ಎಂದು. ಎತ್ತರ ಐದು ಅಡಿ ಒಂದು ಇಂಚು ಇರಬಹುದು.

ಅವರು ನಾಲ್ಕನೇ ಅಧ್ಯಾಯದಲ್ಲಿ ಬೆರಳಿಟ್ಟು, ಈ ವ್ಯಕ್ತಿಯನ್ನು ನೀವು ನಿಜವಾಗಿ ನೋಡಿದ್ದೀರಾ ಎಂದು ಕೇಳಿದರು. ದಿನಾ ನೋಡುತ್ತೇನೆ ಎಂದೆ. ಅವರು ನಂಬಲಿಲ್ಲ. ಅವರ ತಪ್ಪಲ್ಲ. ಅಂದು ಬೆಳಗ್ಗೆಯಷ್ಟೇ ಇಬ್ಬರು ವಿದ್ಯಾರ್ಥಿಗಳ ವರದಿಯಲ್ಲಿ ಒಬ್ಬರೇ ಅಜ್ಜ ಸಿಕ್ಕಿದ್ದರಂತೆ.

"ಒಬ್ಬ ಸೆಂಟರ್ ಆಟಗಾರ, ಇಳಿಯುವ ಚೆಂಡು ಮುಟ್ಟಿ ಫೈನಲ್ ಗೆದ್ದೆ ಅಂತ ತನ್ನ ಬಾಯಿಂದ ಹೇಳ್ತಾನಾ?" ಎಂದರು. "ಯಾವತ್ತೂ ಹೇಳೋದಿಲ್ಲ. ಇದು ಆಟ ಗೊತ್ತಿಲ್ಲದವರು ಕೂತು ಹೊಸೆದ ಕಥೆ. ನಾಡಿದ್ದು ಸಂಜೆವರೆಗೆ ನಾನು ಇಲ್ಲೇ ಇರ್ತೀನಿ. ಆ ಮನುಷ್ಯ ಇದ್ದರೆ ಕರ್ಕೊಂಡು ಬನ್ನಿ. ಇಲ್ಲದಿದ್ದರೆ ಸೊನ್ನೆ."

ವಾಪಸು ಬರುವ ಬಸ್ಸಿನಲ್ಲಿ ನನಗೆ ಎಲ್ಲ ಅರ್ಥವಾಯಿತು. ನಿಯಮ ಗೊತ್ತಾ ಎಂದು ಕ್ಯಾಪ್ಟನ್ ಎರಡು ಸಲ ಕೇಳಿದ್ದೇಕೆ, ಓದುವವರು ಎಲ್ಲಿದ್ದಾರೆ ಎಂದು ಕೇಳಿದ್ದೇಕೆ. ಮೂವತ್ತು ವರ್ಷ ಯಾರಿಗೂ ಹೇಳದ್ದನ್ನು ಅವರು, ಕೇಳಿದರೂ ಅರ್ಥವಾಗದ ಒಬ್ಬನನ್ನು ಹುಡುಕಿ ಹೇಳಿದ್ದರು. ಆ ಒಬ್ಬ ಚಪ್ಪಾಳೆ ತಟ್ಟಿ, ಬರೆದು, ಪೋಸ್ಟ್ ಮಾಡಿದ್ದ.

ಆ ಸಂಜೆ ಮಾವ ಬಂದು ಎಲ್ಲ ಕೇಳಿಸಿಕೊಂಡರು. ನಾನು ಹೇಳಿದ್ದೆನಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಕುರ್ಚಿಯಲ್ಲಿ ಕೂತ ರೀತಿಯಲ್ಲೇ ಹೇಳಿದರು. ಆದರೆ ಅವರು ಮಂದೂಬ್. ಬಾಗಿಲು ಮುಚ್ಚಿದ್ದು ಕಂಡರೆ ಕಿಟಕಿ ಹುಡುಕುವುದು ಅವರ ಸ್ವಭಾವ.

"ನಮ್ಮ ಕಂಪನಿಯಲ್ಲಿ ಒಬ್ಬ ಕ್ರೇನ್ ಆಪರೇಟರ್ ಇದ್ದಾನೆ, ಆರೂವರೆ ಅಡಿ" ಎಂದರು. "ಒಂದು ದಿಶ್‌ದಾಶಾ ಹಾಕಿಸಿ ಕರ್ಕೊಂಡು ಹೋಗುವ. ಮೇಡಮಿಗೆ ಗೊತ್ತಾಗುದು ಉಂಟಾ?"

"ಅವನಿಗೆ ಆಟ ಗೊತ್ತುಂಟಾ ಮಾವ?"

"ನಿನಗೆ ಗೊತ್ತಿತ್ತಾ?"

ಆರು ವರ್ಷ ಬಸ್ಸಿನಲ್ಲಿ ಮಂಡಿ ಸವೆಸಿ ಓದಿದ್ದು ಕೊನೆಗೆ ಕ್ರೇನ್ ಆಪರೇಟರಿನ ವೇಷದಿಂದ ಪಾಸಾಗಲಿಕ್ಕಲ್ಲ ಎಂದೆ. ಮಾವ, ಹಾಗಾದರೆ ಫೇಲ್ ಆಗು ಎಂದು ಎದ್ದು ಹೋದರು.

ಮರುದಿನ ಕ್ಯಾಪ್ಟನ್ ಅಂಗಡಿಗೆ ಬಂದಾಗ ಸುತ್ತುಬಳಸದೆ ಹೇಳಿದೆ. ನಾನು ಬರೆದದ್ದರ ಅರ್ಥ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಪರೀಕ್ಷಕರು ಇಲ್ಲಿಗೇ ಬಂದಿದ್ದಾರೆ, ನಾಳೆ ಸಂಜೆವರೆಗೆ ಇಂಥ ಶಾಲೆಯ ಲ್ಯಾಬಿನಲ್ಲಿರುತ್ತಾರೆ. ನೀವು ಬಂದರೆ ನನ್ನ ಡಿಗ್ರಿ ಉಳಿಯುತ್ತದೆ, ಬರದಿದ್ದರೆ ನಾನು ನಿಮ್ಮನ್ನು ದೂರುವುದಿಲ್ಲ. ಅವರು ಅರ್ಧ ಕುಡಿದ ಚಹಾ ಬಿಟ್ಟು ಎದ್ದರು. ಪಾರ್ಕಿಂಗ್ ಜಾಗದಲ್ಲಿ ಅವರ ಕಾರು ಹೊರಟದ್ದನ್ನು ಗಾಜಿನಿಂದ ನೋಡಿದೆ. ಅವರು ಡ್ರೈವರ್ ಸೀಟನ್ನು ಎಷ್ಟು ಹಿಂದಕ್ಕೆ ತಳ್ಳಿರುತ್ತಾರೆಂದರೆ ಕಾರನ್ನು ಹಿಂದಿನ ಸೀಟಿನಿಂದ ಓಡಿಸಿದ ಹಾಗೆ ಕಾಣುತ್ತದೆ. ಒಮ್ಮೆಯೂ ತಿರುಗಿ ನೋಡಲಿಲ್ಲ. ಅದರ ಮರುದಿನ ನಾನು ರಜೆ ಹಾಕಿ ಮನೆಯಲ್ಲಿ ಕೂತು, ಬ್ಯಾಸ್ಕೆಟ್‌ಬಾಲಿನ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಸಂಜೆ ಲ್ಯಾಬಿಗೆ ಹೋದೆ. ಮಾವ ನನಗಿಂತ ಮೊದಲೇ ಬಂದು ಕಾರಿಡಾರಿನಲ್ಲಿ ಕೂತಿದ್ದರು. ಕ್ರೇನ್ ಆಪರೇಟರನ್ನು ತಂದಿದ್ದಾರೋ ಎಂದು ಎರಡೂ ಕಡೆ ನೋಡಿದೆ, ಇರಲಿಲ್ಲ. ಮೇಡಂ ಬೇರೆಯವರ ಪರೀಕ್ಷೆ ಮುಗಿಸಿ ಕಾಗದ ಚೀಲಕ್ಕೆ ತುಂಬತೊಡಗಿದ್ದರು. ನನ್ನನ್ನು ನೋಡಿ, ಒಬ್ಬರೇನಾ ಎಂದರು. ಹೂಂ ಎಂದೆ. ಅವರು ನನ್ನ ವರದಿ ತೆರೆದು ಕೆಂಪು ಪೆನ್ನು ತೆಗೆದರು.

ಆಗ ಬಾಗಿಲು ಕತ್ತಲಾಯಿತು. ಕ್ಯಾಪ್ಟನ್ ತಲೆ ಬಗ್ಗಿಸಿ ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶಾ, ಕಂಕುಳಲ್ಲಿ ಅಂಗಡಿಯ ಗೋಡೆಯ ಆ ಫೋಟೋ. ಕೂರಲು ಸಿಕ್ಕಿದ್ದು ಮಕ್ಕಳ ಸ್ಟೂಲ್, ಅಸ್ಥಿಪಂಜರದ ಪಕ್ಕ. ಕೂತರೂ ಅದರಷ್ಟೇ ಎತ್ತರ ಇದ್ದರು. ಮೇಡಂ ಪೆನ್ನು ಹಿಡಿದುಕೊಂಡೇ ತಲೆಯೆತ್ತಿ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, ಇದು ನಿಮ್ಮ ಬಗ್ಗೆ ಬರೆದದ್ದೋ ಎಂದು ಕೇಳಿದರು. ನನಗೆ ಓದಲು ಬರುವುದಿಲ್ಲ, ಓದಿ ಹೇಳಿ ಎಂದರು ಕ್ಯಾಪ್ಟನ್.

ಮೇಡಂ ನಾಲ್ಕನೇ ಅಧ್ಯಾಯವನ್ನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಓದಿದರು. ಮಹಾನುಭಾವ ಎಂಬುದನ್ನು ಮೂರು ಸಲ ಓದಬೇಕಾಯಿತು. ನಾನು ಅಸ್ಥಿಪಂಜರದ ಪಕ್ಕೆಲುಬು ಎಣಿಸುತ್ತಾ ನಿಂತೆ. ಇವನು ಮೂರ್ಖ, ತಪ್ಪು ಬರೆದಿದ್ದಾನೆ ಎಂದು ಅವರು ಒಂದು ಮಾತು ಹೇಳಿದರೆ ಸಾಕಿತ್ತು. ಅವರ ಹೆಸರು ಉಳಿಯುತ್ತಿತ್ತು, ನನ್ನ ಆರು ವರ್ಷ ಹೋಗುತ್ತಿತ್ತು. ನಾನು ಮೂರ್ಖ ಎಂಬುದಂತೂ ನಿಜವೇ ಆಗಿತ್ತು.

ಓದಿ ಮುಗಿದ ಮೇಲೆ ಕ್ಯಾಪ್ಟನ್ ಫೋಟೋವನ್ನು ಮೇಜಿನ ಮೇಲಿಟ್ಟರು. ಮೇಡಂ ಕನ್ನಡಕ ಏರಿಸಿ ಹತ್ತಿರದಿಂದ ನೋಡಿ, ಇದರಲ್ಲಿ ಚೆಂಡು ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಲಾಗುವುದಿಲ್ಲ ಎಂದರು.

"ಅದಕ್ಕೇ ಗೋಡೆಯಲ್ಲಿ ಹಾಕಿದ್ದು" ಎಂದರು ಕ್ಯಾಪ್ಟನ್. "ಇವನು ನಾನು ಹೇಳಿದ್ದನ್ನೇ ಬರೆದಿದ್ದಾನೆ ಮೇಡಂ. ಒಂದು ಮಾತು ಹೆಚ್ಚಿಲ್ಲ. ಚೆಂಡು ಇಳೀತಾ ಇತ್ತು. ರೆಫ್ರಿ ನನ್ನ ಬೆನ್ನ ಹಿಂದೆ ಇದ್ದ. ನನ್ನ ಬೆನ್ನು ದೊಡ್ಡದು."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಇವರಿಗೇಕೆ ಹೇಳಿದಿರಿ ಎಂದು ಕೇಳಿದರು.

"ಎಲ್ಲಾದರೂ ಒಂದು ಕಡೆ ಇಳಿಸಬೇಕಿತ್ತು. ಇವನು ಚಪ್ಪಾಳೆ ಹೊಡೀತಾನೆ ಅಂತ ಗೊತ್ತಿತ್ತು."

ಮೇಡಂ ಮೊದಲ ಸಲ ನಕ್ಕರು. ಅಂಥದ್ದು ತನ್ನ ಆಟದಲ್ಲೂ ಒಂದಿದೆ, ಆದರೆ ತಾನು ಯಾರಿಗೂ ಹೇಳುವವಳಲ್ಲ ಎಂದರು. ಆಮೇಲೆ ಅರ್ಧ ಗಂಟೆ ಅವರಿಬ್ಬರೂ ನನ್ನನ್ನು ಮರೆತು ಆಟದ ಬಗ್ಗೆ ಮಾತಾಡಿದರು. ಕೊನೆಯಲ್ಲಿ ನನ್ನತ್ತ ತಿರುಗಿ, ನಿಯಮ ವಿವರಿಸಿ ಒಂದು ಅಡಿಟಿಪ್ಪಣಿ ಸೇರಿಸಿ, ಮಹಾನುಭಾವ ಎಂಬುದನ್ನು ಒಂದು ಸಲಕ್ಕೆ ಇಳಿಸಿ ಎಂದರು. ಅಂಕ ಎಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ.

ಕ್ಯಾಪ್ಟನ್ ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ಯಾರಿಗೋ ಫೋನ್ ಮಾಡಿದರು. ಆ ದಿನ ಚೆಂಡು ಎಸೆದಿದ್ದ ಎದುರಾಳಿ ಆಟಗಾರನಿಗೆ. ಅವರಿಬ್ಬರ ನಡುವೆ ಮೂವತ್ತು ವರ್ಷದಿಂದ ಮಾತಿರಲಿಲ್ಲವಂತೆ. ಇವರು ಎರಡೇ ವಾಕ್ಯ ಹೇಳಿದರು. ಆ ಕಡೆಯಿಂದ ಬಂದ ಕೂಗು ನಮಗೂ ಕೇಳಿಸಿತು. ಏನೆಂದರು ಎಂದು ಕೇಳಿದೆ. ಅದು ನನಗೆ ಅಂದೇ ಗೊತ್ತಿತ್ತು, ಎಸೆದವನು ನಾನಲ್ಲವಾ ಎಂದನಂತೆ ಅವನು. ಮುಂದಿನ ವಾರದಿಂದ ಆ ಮನುಷ್ಯನೂ ದಿನಾ ಅಂಗಡಿಗೆ ಬರತೊಡಗಿದ. ಗಿರಾಕಿಗಳಿಗೆ ಕೂರಲು ಈಗ ಬೆಂಚೇ ಇಲ್ಲ.

ಫೋಟೋ ಮತ್ತೆ ಗೋಡೆಗೆ ಏರಿತು. ಅದರ ಕೆಳಗೆ ಸತ್ಯ ಬರೆದು ಅಂಟಿಸು, ಆದರೆ ನಿನ್ನ ಅಕ್ಷರದಲ್ಲಿ ಬರಿ ಎಂದರು ಕ್ಯಾಪ್ಟನ್. ಚೆಂಡು ಇಳಿಯುತ್ತಿತ್ತು ಎಂದು ಕನ್ನಡದಲ್ಲಿ ದಪ್ಪಗೆ ಬರೆದು ಅಂಟಿಸಿದ್ದೇನೆ. ಮಂಗಳೂರು ಕಡೆಯವರು ಶೂ ಕೊಳ್ಳಲು ಬಂದರೆ ನಿಂತು ಓದುತ್ತಾರೆ, ಹಾಗೆಂದರೆ ಏನು ಎಂದು ಕೇಳುತ್ತಾರೆ. ಹೊತ್ತಿದ್ದರೆ ಹೇಳುತ್ತೇನೆ.

ನಾನು ಪಾಸಾಗಿದ್ದೆ. ಪ್ರಾಜೆಕ್ಟಿನಲ್ಲಿ ಬಂದ ಅಂಕವನ್ನು ಇಲ್ಲಿ ಬರೆದರೆ ಜಂಬವಾಗುತ್ತದೆ, ಕೇಳಿದವರಿಗೆ ಹೇಳುತ್ತಿದ್ದೇನೆ, ಕೇಳದವರಿಗೂ ಹೇಳುತ್ತಿದ್ದೇನೆ. ಮೂರು ತಿಂಗಳ ನಂತರ ಕೇಂದ್ರದವರು ಒಂದು ಹಾಲಿನಲ್ಲಿ ಸಮಾರಂಭ ಮಾಡಿದರು. ಮೇಡಂ ಊರಿನಿಂದಲೇ ಹೇಳಿ ಕಳಿಸಿದ್ದರಿಂದ ಕ್ಯಾಪ್ಟನ್ ಮುಖ್ಯ ಅತಿಥಿ. ಬಾಡಿಗೆಗೆ ತಂದ ಕಪ್ಪು ಗೌನು ಎಲ್ಲರಿಗೂ ಪಾದದವರೆಗೆ ಬಂತು, ನನಗೆ ಮೊಣಕಾಲಿನವರೆಗೆ. ಕ್ಯಾಪ್ಟನ್ ಅಭ್ಯಾಸಬಲದಿಂದ ಸರ್ಟಿಫಿಕೇಟುಗಳನ್ನು ತಲೆಯ ಮೇಲೆತ್ತಿ ಕೊಡುತ್ತಿದ್ದರು, ನನ್ನ ಮುಂದಿದ್ದ ನರ್ಸ್ ಎರಡು ಸಲ ಹಾರಿದ ಮೇಲೆ ಅವರಿಗೆ ನೆನಪಾಯಿತು. ನನ್ನ ಸರದಿ ಬಂದಾಗ ಅವರು ಕೈ ಕೆಳಗಿಳಿಸಲಿಲ್ಲ. ನಾನೂ ಬಿಡಲಿಲ್ಲ, ಕೈ ಎತ್ತಿ ತೆಗೆದುಕೊಂಡೆ.

ಕೆಳಗಿಳಿದು ಬಂದು ಮಾವನ ಕೈಗೆ ಕೊಟ್ಟೆ. ಹೆಂಡತಿ ಫೋಟೋ ತೆಗೆಯಲು ಮಗಳನ್ನು ಸರಿಯಾಗಿ ನಿಲ್ಲಿಸುತ್ತಿದ್ದಳು. ಮಾವ ಸರ್ಟಿಫಿಕೇಟನ್ನು ಎರಡು ಅಂಚಿನಲ್ಲಿ ಮಾತ್ರ ಹಿಡಿದು ನನ್ನ ಹೆಸರಿನಿಂದ ಕೊನೆಯ ಸಹಿಯವರೆಗೆ ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಗೌನಿನ ತೋಳು ಎಳೆದು, ಹೆಂಗಸರಿಗೆ ಕೇಳಿಸದ ಹಾಗೆ ಸ್ವರ ತಗ್ಗಿಸಿ ಕೇಳಿದರು:

"ಇದಕ್ಕೆ ಸೇರ್ಲಿಕ್ಕೆ ವಯಸ್ಸು ಇಷ್ಟೇ ಅಂತ ಏನಾದ್ರೂ ಉಂಟಾ?"